ಕೋರ್ಸ್ ಪ್ಲಾನಿನ ನಿಯಮ: ಹದಿನಾಲ್ಕು ಕಡೆ ತಿದ್ದುವುದೇಕೆ?

ಪ್ರಶ್ನೆ: ನಮ್ಮದು ಪದವಿ ಕಾಲೇಜು. ವಿಭಾಗದ 14 ಕೋರ್ಸ್ ಪ್ಲಾನ್‌ಗಳಲ್ಲೂ (ಒಂದೊಂದು ವಿಷಯದ ಪಾಠದ ಯೋಜನೆ) ಹಾಜರಾತಿ, ಆಂತರಿಕ ಅಂಕ, ಅಸೈನ್‌ಮೆಂಟ್ ನಿಯಮಗಳೇ ಎರಡೆರಡು ಪುಟ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚಿಗೆ ಆಂತರಿಕ ಅಂಕ 40, ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬ್ಯಾಚಿಗೆ 20. ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲಿ ಹಳೆಯದೇ ಉಳಿದಿರುತ್ತದೆ. ಏನು ಮಾಡೋಣ?

ಉತ್ತರ: ಹೋದ ವರ್ಷದ ಫೈಲನ್ನೇ ಕಾಪಿ ಮಾಡಿ ಹೆಸರು, ದಿನಾಂಕ ಬದಲಿಸುವುದು ನಮ್ಮ ಕಾಲೇಜುಗಳ ರೂಢಿ. ತಪ್ಪು ನುಸುಳುವುದು ಅಲ್ಲೇ. ನಿಯಮಗಳನ್ನು ಕೋರ್ಸ್ ಪ್ಲಾನಿನಿಂದ ಹೊರಗೆ ತೆಗೆಯಿರಿ.

ಆ ಎರಡು ಪುಟ ಪ್ರಿಂಟ್ ಹಾಕಿ, ಪ್ರತಿ ಸಾಲಿನ ಅಂಚಿನಲ್ಲಿ ಅದು ಯಾರ ನಿಯಮವೆಂದು ಗುರುತು ಹಾಕಿ: ವಿಶ್ವವಿದ್ಯಾಲಯದ್ದಾದರೆ ‘ವಿ’, ಕಾಲೇಜಿನದಾದರೆ ‘ಕಾ’, ಪಾಠ ಮಾಡುವವರದ್ದಾದರೆ ‘ಪಾ’. ವಿ, ಕಾ ಸಾಲುಗಳೆಲ್ಲ ಬ್ಯಾಚಿಗೊಂದರಂತೆ ಒಂದೇ ಹಾಳೆಗೆ ಹೋಗಲಿ. ಪ್ರತಿ ನಿಯಮದ ಪಕ್ಕ ಸುತ್ತೋಲೆಯ ಸಂಖ್ಯೆ, ದಿನಾಂಕ ಇರಲಿ. ಯಾವುದಕ್ಕೆ ಸುತ್ತೋಲೆ ಸಿಗುವುದಿಲ್ಲವೋ ಅದು ಎಂದೋ ಯಾರೋ ಸೇರಿಸಿದ್ದಿರಬಹುದು, ಪ್ರಾಂಶುಪಾಲರನ್ನು ಕೇಳಿ ಇಡಿ ಅಥವಾ ಬಿಡಿ.

ಹಾಳೆಯ ತಲೆಗೆ ಶೈಕ್ಷಣಿಕ ವರ್ಷ ಹಾಕಬೇಡಿ, ಪ್ರವೇಶದ ವರ್ಷ ಹಾಕಿ: ‘2024-25ರಲ್ಲಿ ಸೇರಿದವರಿಗೆ’. ಒಂದೇ ವರ್ಷದಲ್ಲಿ ಎರಡೂ ಪದ್ಧತಿಯ ಬ್ಯಾಚುಗಳು ಓದುತ್ತಿರಬಹುದು. ಬಾಕಿ ಪತ್ರಿಕೆ ಬರೆಯಲು ಬರುವ ಹಳೆಯ ವಿದ್ಯಾರ್ಥಿಗೂ ತನ್ನ ಹಾಳೆ ಯಾವುದೆಂದು ತಕ್ಷಣ ತಿಳಿಯಬೇಕು.

ಬದಲಾಗುವ ಸಂಖ್ಯೆಯನ್ನು ನಿಯಮದೊಳಗೆ ಬರೆಯಬೇಡಿ. 60 ತರಗತಿಗೆ 75% ಹಾಜರಾತಿ ಎಂದರೆ 45. ನಿಜಕ್ಕೂ ನಡೆದದ್ದು 56 ಆದರೆ 42 ಸಾಕು. ಪ್ಲಾನಿನಲ್ಲಿ ‘ಕನಿಷ್ಠ 45’ ಎಂದು ಅಚ್ಚಾಗಿದ್ದರೆ 43 ತರಗತಿಗೆ ಬಂದ ಹುಡುಗಿ ಪರೀಕ್ಷೆ ಕೈತಪ್ಪಿತೆಂದು ಅಳುತ್ತಾ ನಿಲ್ಲುತ್ತಾಳೆ. ‘ನಡೆದ ತರಗತಿಗಳ 75%’ ಎಂದಷ್ಟೇ ಬರೆಯಿರಿ.

ಇನ್ನು ಕೋರ್ಸ್ ಪ್ಲಾನಿನಲ್ಲಿ ಉಳಿಯುವುದು ‘ಪಾ’ ಸಾಲುಗಳು ಮಾತ್ರ: ಆಂತರಿಕ ಅಂಕ ಯಾವುದಕ್ಕೆ ಎಷ್ಟು ಹಂಚಿದ್ದೀರಿ, ಅಸೈನ್‌ಮೆಂಟ್ ತಡವಾದರೆ ಏನು, ಚಾಟ್‌ಜಿಪಿಟಿ ಬಳಸಬಹುದೇ. ಜೊತೆಗೆ ಯಾವ ಹಾಳೆ ನೋಡಬೇಕೆಂಬ ಒಂದು ಸಾಲು.

ಪ್ರಶ್ನೆ: ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಪ್ರತಿ ಕೋರ್ಸ್ ಫೈಲಿನಲ್ಲೂ ನಿಯಮ ಕೇಳಿದರೆ?

ಉತ್ತರ: ಅದೇ ಹಾಳೆಯ ಪಿಡಿಎಫ್ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ, ಮತ್ತೆ ಟೈಪ್ ಮಾಡಬೇಡಿ. ವರ್ಡ್ ಪ್ರತಿ ಒಬ್ಬರ ಬಳಿ ಮಾತ್ರ ಇರಲಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಡುವುದಾದರೆ ಒಂದೇ ಹಾಳೆಯ ಎರಡು ಬದಿಗೆ ಅಚ್ಚು ಹಾಕಿಸಿ. ಬೇರೆ ಬೇರೆ ಫೈಲಾದರೆ ತಿದ್ದುಪಡಿ ಇಂಗ್ಲಿಷಿನಲ್ಲಿ ಮುಗಿದು ಕನ್ನಡದ್ದು ಹಳೆಯದಾಗಿಯೇ ಉಳಿಯುತ್ತದೆ, ಹಳ್ಳಿಯಿಂದ ಬಂದ ಮಕ್ಕಳು ಓದುವುದು ಅದನ್ನೇ.