"ಇನ್ನೂ ರೆಡಿ ಆಗಿಲ್ಲ" ಅಂತ ಹೇಳಿದ್ದು ಯಾರು?

ಓದುಗರ ಪ್ರಶ್ನೆ: ನನ್ನ ಮಗನಿಗೆ 26 ವರ್ಷ. ಬುದ್ಧಿ ಬೆಳವಣಿಗೆ ನಿಧಾನ. ಸ್ಪೆಷಲ್ ಸ್ಕೂಲ್ ಮುಗಿದ ಮೇಲೆ ಆರು ವರ್ಷದಿಂದ ಒಂದು ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದಾನೆ. ಕವರ್ ಅಂಟಿಸುತ್ತಾನೆ, ಮಣಿ ಪೋಣಿಸುತ್ತಾನೆ. ಹೊರಗೆ ಕೆಲಸಕ್ಕೆ ಸೇರಿಸೋಣ ಅಂದರೆ ಪ್ರತಿ ವರ್ಷವೂ ಅದೇ ಉತ್ತರ: "ಇನ್ನೂ ರೆಡಿ ಆಗಿಲ್ಲಮ್ಮ, ಗಮನ ಕಮ್ಮಿ." ರೆಡಿ ಆಗುವುದು ಯಾವಾಗ?

ಉತ್ತರ: ಅಮ್ಮಾ, ಆರು ವರ್ಷ ಮಣಿ ಪೋಣಿಸಿದರೆ ನನ್ನ ಗಮನವೂ ಕಮ್ಮಿ ಆಗುತ್ತದೆ.

ತಮಾಷೆಗೆ ಹೇಳುತ್ತಿಲ್ಲ. ಮಣಿ ಪೋಣಿಸಿದವರು ಮಣಿ ಪೋಣಿಸುವುದರಲ್ಲಿ ಪಳಗುತ್ತಾರೆ, ಅಷ್ಟೇ. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗದಲ್ಲಿ ಬಳಸುವುದು ನಿಮ್ಮ ಮಗನಂಥವರಿಗೆ ಎಲ್ಲಕ್ಕಿಂತ ಕಷ್ಟ. ಅಂಥವರನ್ನು ಕೇಂದ್ರದಲ್ಲಿ ಕೂರಿಸಿ ರೆಡಿ ಮಾಡಿ ಆಮೇಲೆ ಕೆಲಸಕ್ಕೆ ಕಳಿಸುತ್ತೇವೆ ಅನ್ನುವುದು, ಹಾಸಿಗೆ ಮೇಲೆ ಈಜು ಕಲಿಸಿ ಬಾವಿಗೆ ಇಳಿಸುತ್ತೇವೆ ಅಂದ ಹಾಗೆ.

ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಅಂತ ಒಬ್ಬರಿದ್ದರು. 1970ರ ಆಸುಪಾಸಿನಲ್ಲಿ ಅವರು ಇಂಥದ್ದೇ ಕೇಂದ್ರಗಳಿಗೆ ಹೋದರು. "ಇವರ ಕೈಲಿ ಏನೂ ಆಗಲ್ಲ" ಅನ್ನಿಸಿಕೊಂಡಿದ್ದವರ ಮುಂದೆ ಸೈಕಲ್ ಬ್ರೇಕಿನ 15 ಬಿಡಿಭಾಗ ಇಟ್ಟು ಜೋಡಿಸಲು ಕಲಿಸಿದರು. ಜಾಸ್ತಿ ಮಾತಿಲ್ಲ. ಬೈಗುಳವೂ ಇಲ್ಲ, ಭೇಷ್ ಭೇಷ್ ಅನ್ನುವುದೂ ಇಲ್ಲ. ಕೆಲವರಿಗೆ ಕೊಟ್ಟ ಭಾಗಗಳಲ್ಲಿ, ಜೋಡಿಸುವಾಗ ತಮ್ಮ ಕಡೆಗೆ ಬರಬೇಕಾದ ಬದಿಗೆ ಕೆಂಪು ಬಣ್ಣ ಹಚ್ಚಿದ್ದರು. ಅವರು ಬೇಗ ಕಲಿತರು. ಬಣ್ಣ ಇಲ್ಲದ ಭಾಗ ಸಿಕ್ಕವರು ಸ್ವಲ್ಪ ತಡವಾಗಿ ಕಲಿತರು. ಕಲಿಯದಿದ್ದರೆ ಕಲಿಸುವವರು ಇನ್ನೊಂದು ದಾರಿ ಹುಡುಕಬೇಕು ಅನ್ನುವುದು ಗೋಲ್ಡ್ ಅವರ ವಾದ. 1980ರ ದಶಕದಲ್ಲಿ "ಮೊದಲು ಕೆಲಸಕ್ಕೆ ಸೇರಿಸಿ, ಅಲ್ಲೇ ಕಲಿಸಿ" ಅನ್ನುವ ಪದ್ಧತಿ ಅಲ್ಲಿ ಬೆಳೆಯಿತು. 1986ರಲ್ಲಿ ಅಲ್ಲಿನ ಪುನರ್ವಸತಿ ಕಾನೂನಿನಲ್ಲೂ ಜಾಗ ಪಡೆಯಿತು. ಹಾಗೆ ಪಕ್ಕದಲ್ಲಿ ನಿಂತು ಕಲಿಸುವವರಿಗೆ ಜಾಬ್ ಕೋಚ್ ಅಂತಾರೆ. 19 ವರ್ಷದಿಂದ ನನ್ನ ಕೆಲಸ ಅದೇ.

ಒಬ್ಬರಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಟವೆಲ್ ಮಡಿಸುವುದನ್ನು ಕಲಿಸಿದ್ದೆ. ಮೊದಲು ನಾನೇ ಎರಡು ದಿನ ಮಡಿಸಿದೆ. ನಮಗೆ ಒಂದೇ ಕೆಲಸ ಅನ್ನಿಸುವುದರಲ್ಲಿ ಹನ್ನೊಂದು ಹೆಜ್ಜೆ ಇದ್ದವು. ಟ್ರಾಲಿಯಿಂದ ಒಂದೇ ಟವೆಲ್ ಎತ್ತಬೇಕು, ಕೊಡವಬೇಕು, ಮೇಜಿನ ಮೇಲೆ ಹರಡಬೇಕು, ಅಂಗೈಯಿಂದ ಸವರಬೇಕು, ಹೀಗೆ. ಅವರು ಪ್ರತಿ ಸಲ ನಿಲ್ಲುತ್ತಿದ್ದುದು ಐದನೆಯದರಲ್ಲಿ. ಮೂಲೆಗೆ ಮೂಲೆ ಸೇರಿಸುವ ಹೆಜ್ಜೆ ಅದು. "ಸರಿಯಾಗಿ ಸೇರಿಸಿ" ಅಂತ ನೂರು ಸಲ ಹೇಳಿರಬೇಕು ನಾನು. ಸರಿಯಾಗಿ ಅಂದರೆ ಹೇಗೆ ಅಂತ ಅವರಿಗೆ ಗೊತ್ತಿದ್ದರೆ ಮಾಡುತ್ತಿರಲಿಲ್ಲವೇ? ಕೊನೆಗೆ ಬಾಯಿ ಮುಚ್ಚಿಕೊಂಡು, ಮೇಜಿನ ಮೇಲೆ ಟವೆಲಿನ ಅಳತೆಗೆ ನೀಲಿ ಟೇಪ್ ಅಂಟಿಸಿದೆ. ನಡುವೆ ಒಂದು ಗೆರೆ. ಟವೆಲ್ ಟೇಪಿನ ಒಳಗೆ ಬರಬೇಕು, ಮಡಿಕೆ ಗೆರೆಯ ಮೇಲೆ ಬೀಳಬೇಕು. ನಾಲ್ಕೇ ದಿನದಲ್ಲಿ ಕೈ ಕೂತಿತು. ಆಮೇಲೆ ವಾರಕ್ಕೊಂದು ಕಡೆಯ ಟೇಪ್ ಕೀಳುತ್ತಾ ಬಂದೆ. ಕೊನೆಗೆ ಒಂದು ಮೂಲೆಯ ತುಂಡು ಉಳಿಯಿತು. ಅದನ್ನು ಕೀಳಲು ಅವರು ಬಿಡಲಿಲ್ಲ. ಇವತ್ತಿಗೂ ಅಲ್ಲೇ ಇದೆ. ಇರಲಿ ಬಿಡಿ, ನಾನೂ ಕನ್ನಡಕ ಹಾಕಿಕೊಂಡೇ ಕೆಲಸ ಮಾಡುವುದು.

ನಾನು ಕೆಡಿಸಿದ ಕಥೆಯೂ ಇದೆ. ಒಂದು ಲೈಬ್ರರಿಯಲ್ಲಿ, ವಾಪಸ್ ಬಂದ ಪುಸ್ತಕಗಳನ್ನು ಬಣ್ಣದ ಪಟ್ಟಿ ನೋಡಿ ಟ್ರಾಲಿಗೆ ಜೋಡಿಸುವ ಕೆಲಸ. ಅವರು ಪುಸ್ತಕ ಎತ್ತುತ್ತಿದ್ದರು, ನಾನು ಪಕ್ಕದಲ್ಲಿ ತಲೆಯಾಡಿಸುತ್ತಿದ್ದೆ. ಎಂಟು ತಿಂಗಳು ಹೀಗೇ ನಡೆಯಿತು. ಒಂದು ದಿನ ನನಗೆ ಜ್ವರ ಬಂತು, ಹೋಗಲಿಲ್ಲ. ಮಧ್ಯಾಹ್ನ ಫೋನ್: "ಬೆಳಿಗ್ಗೆಯಿಂದ ಒಂದೇ ಪುಸ್ತಕ ಕೈಲಿ ಹಿಡಿದು ನಿಂತಿದ್ದಾರೆ." ಅವರು ಕಲಿತಿದ್ದು ಬಣ್ಣ ನೋಡುವುದನ್ನಲ್ಲ, ನನ್ನ ಮುಖ ನೋಡುವುದನ್ನು. ತಪ್ಪು ಪೂರ್ತಿ ನನ್ನದೇ. ಅಂದಿನಿಂದ ಮೊದಲ ವಾರವೇ ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಆಮೇಲೆ ಬಾಗಿಲ ಹತ್ತಿರ, ಆಮೇಲೆ ಪಕ್ಕದ ಕೋಣೆಯಲ್ಲಿ. ಹಾಗಂತ ಪೂರ್ತಿ ಮಾಯವಾಗುವುದಿಲ್ಲ. ಮೇಲ್ವಿಚಾರಕರು ಬದಲಾದಾಗ, ಹೊಸ ಮಷಿನ್ ಬಂದಾಗ ಮತ್ತೆ ಹೋಗಿ ನಿಲ್ಲಬೇಕಾಗುತ್ತದೆ.

ನೀವೀಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಗನಿಗೆ ಏನು ಬರಲ್ಲ ಅನ್ನುವುದನ್ನು ಬರೆಯಬೇಡಿ, ಅದು ಕೇಂದ್ರದ ಫೈಲಿನ ತುಂಬಾ ಇರುತ್ತದೆ. ಯಾರೂ ಹೇಳದೆ ತಾನಾಗಿ ಏನು ಮಾಡುತ್ತಾನೆ? ಗದ್ದಲ ತಡೆಯುತ್ತಾನಾ? ಬೆಳಿಗ್ಗೆ ಚುರುಕಾ, ಸಂಜೆಯಾ? ನಿಂತು ಮಾಡುವುದು ಇಷ್ಟವಾ, ಕೂತಾ? ಹಿಂದೆ ಒಬ್ಬ ತಾಯಿ, "ನನ್ನ ಮಗಳಿಗೆ ಏನೂ ಬರಲ್ಲ, ಇಡೀ ದಿನ ಮನೆಯವರ ಚಪ್ಪಲಿ ಸಾಲಾಗಿ ಜೋಡಿಸುತ್ತಾ ಇರುತ್ತಾಳೆ" ಅಂತ ಅತ್ತಿದ್ದರು. ಆಕೆ ಈಗ ಒಂದು ಚಪ್ಪಲಿ ಅಂಗಡಿಯ ಗೋಡೌನಿನಲ್ಲಿ ನಂಬರ್ ಪ್ರಕಾರ ಡಬ್ಬಿ ಜೋಡಿಸುತ್ತಾರೆ. ಒಂದು ಡಬ್ಬಿ ಹೆಚ್ಚುಕಮ್ಮಿ ಆದರೂ ಮಾಲೀಕರಿಗೇ ಬೈಯುತ್ತಾರಂತೆ.

ಕೇಂದ್ರದವರನ್ನೂ ಕೇಳಿ: ಹೋದ ವರ್ಷ ಇಲ್ಲಿಂದ ಎಷ್ಟು ಜನ ಹೊರಗೆ ಸಂಬಳದ ಕೆಲಸಕ್ಕೆ ಹೋದರು? ಅವರ ಜೊತೆ ಯಾರು ಹೋಗಿದ್ದರು? ಎಷ್ಟು ದಿನ? ಮೊದಲ ಪ್ರಶ್ನೆಗೇ ತಡವರಿಸಿದರೆ, ರೆಡಿ ಆಗಬೇಕಾದವರು ಯಾರು ಅಂತ ನಿಮಗೇ ಗೊತ್ತಾಗುತ್ತದೆ.

ಓದುಗರ ಪ್ರಶ್ನೆ: ನಮ್ಮದು ಪ್ರಿಂಟಿಂಗ್ ಪ್ರೆಸ್. ಬೈಂಡಿಂಗ್ ವಿಭಾಗದಲ್ಲಿ ಆಟಿಸಂ ಇರುವ ಒಬ್ಬ ಯುವತಿ ನಾಲ್ಕು ತಿಂಗಳಿಂದ ಕೆಲಸ ಮಾಡುತ್ತಿದ್ದಾರೆ. ಅವರ ಎಣಿಕೆಯಲ್ಲಿ ತಪ್ಪೇ ಇರುವುದಿಲ್ಲ. ಹೋದ ವಾರ ಹೊಸ ಕಟಿಂಗ್ ಮಷಿನ್ ಬಂತು ಅಂತ ಅವರ ಮೇಜನ್ನು ಆಚೆ ಸರಿಸಿದೆವು. ಬೆಳಿಗ್ಗೆ ಬಂದವರು ಕಿವಿ ಮುಚ್ಚಿಕೊಂಡು ಕಿರುಚಿದರು. ಉಳಿದವರು ಹೆದರಿದ್ದಾರೆ. ಇಟ್ಟುಕೊಳ್ಳುವುದಾ, ಬಿಡಿಸುವುದಾ?

ಉತ್ತರ: ಮೇಜು ಸರಿಸುತ್ತೇವೆ ಅಂತ ಅವರಿಗೆ ಮೊದಲೇ ಹೇಳಿದ್ದಿರಾ? ಪತ್ರದಲ್ಲಿ ಆ ಮಾತಿಲ್ಲ. ಹೇಳಿರಲಿಕ್ಕಿಲ್ಲ.

ಇದು ಹಟವಲ್ಲ. ತಮ್ಮ ಜಾಗ, ತಮ್ಮ ಕ್ರಮ ಇದ್ದ ಹಾಗೇ ಇದ್ದರೆ ಅವರಿಗೆ ನಿರಾಳ. ಅದು ಒಂದೇ ರಾತ್ರಿಯಲ್ಲಿ ಬದಲಾಗಿ, ಪಕ್ಕದಲ್ಲೇ ಹೊಸ ಸದ್ದು ಶುರುವಾದರೆ ತಲೆ ಸಿಡಿಯುತ್ತದೆ. ನಮಗೆ ಹಿನ್ನೆಲೆಗೆ ಸರಿದುಹೋಗುವ ಶಬ್ದ ಆಟಿಸಂ ಇರುವ ಎಷ್ಟೋ ಜನರಿಗೆ ಸರಿದುಹೋಗುವುದಿಲ್ಲ. ಮುಂದಿನ ಸಲ ಹಿಂದಿನ ದಿನವೇ ಕರೆದು ಹೊಸ ಜಾಗ ತೋರಿಸಿ. ಮೊಬೈಲಿನಲ್ಲಿ ಫೋಟೊ ತೆಗೆದು ಕೊಡಿ. ಸದ್ದು ತಡೆಯುವ ಇಯರ್ ಮಫ್ ಕೊಡಿಸಿ, ಸಾಧ್ಯವಾದರೆ ಮೇಜನ್ನು ಮಷಿನ್‌ನಿಂದ ದೂರ ಹಾಕಿ. ಕಿರುಚುವ ಹೊತ್ತಿನಲ್ಲಿ ನಾಲ್ಕು ಜನ ಸುತ್ತ ನಿಂತು "ಏನಾಯ್ತು, ಏನಾಯ್ತು" ಅನ್ನಬೇಡಿ, ಕೈ ಹಿಡಿಯಬೇಡಿ. ಮಷಿನ್ ನಿಲ್ಲಿಸಿ, ಸುಮ್ನೆ ದಾರಿ ಬಿಡಿ.

ಇನ್ನೊಂದು ವಿಷಯ. "ಸ್ವಲ್ಪ ಹೊತ್ತು ತಡೀರಿ", "ಆಮೇಲೆ ನೋಡೋಣ" ಇಂಥ ಮಾತುಗಳು ನಮ್ಮ ಬಾಯಲ್ಲಿ ದಿನಕ್ಕೆ ಐವತ್ತು ಸಲ ಬರುತ್ತವೆ. ಸ್ವಲ್ಪ ಅಂದರೆ ಎಷ್ಟು? ಮೂರು ಗಂಟೆಗೆ ಅನ್ನಿ. ಮೂರು ಗಂಟೆಗೇ ಮಾಡಿ.

ನೀವು ಕೇಳಿದ್ದಕ್ಕೆ ಉತ್ತರ: ಇಟ್ಟುಕೊಳ್ಳಿ, ನಿಮಗೇ ಲಾಭ. ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ, ತುರ್ತು ಚಿಕಿತ್ಸೆ ವಿಭಾಗದ ಸಾಮಾನು ತುಂಬಿಡುವ ಕೆಲಸಕ್ಕೆ ಬಂದವರು ನಿಲ್ಲುತ್ತಲೇ ಇರಲಿಲ್ಲ. 1996ರಲ್ಲಿ ಆ ಕೆಲಸಕ್ಕೆ ಬೆಳವಣಿಗೆಯ ತೊಂದರೆ ಇರುವವರನ್ನು ತೆಗೆದುಕೊಳ್ಳಲು ಶುರುಮಾಡಿದರು. ಅದೇ ಪ್ರಾಜೆಕ್ಟ್ ಸರ್ಚ್ ಅನ್ನುವ ಹೆಸರಲ್ಲಿ ಬೇರೆ ಬೇರೆ ದೇಶಗಳಿಗೂ ಹರಡಿತು.

ಅಂದಹಾಗೆ, ಪತ್ರದ ಉದ್ದಕ್ಕೂ "ಬಂದವರು", "ಕಿರುಚಿದರು" ಅಂತ ಬಹುವಚನದಲ್ಲಿ ಬರೆದಿದ್ದೀರಿ. ನಲವತ್ತು ದಾಟಿದವರನ್ನೂ "ಬಾರೋ ಮರಿ" ಅನ್ನುವುದನ್ನು ದಿನಾ ಕೇಳುವ ನನಗೆ ಅದೇ ಖುಷಿ.

ಓದುಗರ ಪ್ರಶ್ನೆ: ಅಕ್ಕನಿಗೆ 43. ಡೌನ್ ಸಿಂಡ್ರೋಮ್ ಇದೆ. ಹನ್ನೆರಡು ವರ್ಷದಿಂದ ಒಂದು ಆಫೀಸಿನಲ್ಲಿ ಟಪಾಲು ವಿಂಗಡಿಸುತ್ತಾಳೆ. ಎಂಟು ತಿಂಗಳ ಹಿಂದೆ ಅಮ್ಮ ತೀರಿಕೊಂಡರು. ಈಚೆಗೆ ಅಕ್ಕನ ಕೈ ನಿಧಾನವಾಗಿದೆ, ಕರೆದರೆ ತಿರುಗುವುದಿಲ್ಲ, ಕೂತಲ್ಲೇ ತೂಕಡಿಸುತ್ತಾಳೆ. ಆಫೀಸಿನವರು ಕೆಲಸ ಬಿಡಿಸಿ ಅನ್ನುತ್ತಿದ್ದಾರೆ. ಇದು ಡೌನ್ ಸಿಂಡ್ರೋಮಿನದೇ ಅಲ್ವಾ?

ಉತ್ತರ: ಆ "ಅದರದ್ದೇ ಅಲ್ವಾ" ಅನ್ನುವುದೇ ನನಗೆ ಭಯ. ಎಷ್ಟೋ ಕಾಯಿಲೆಗಳು ಆ ಒಂದು ಮಾತಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ.

ಕೆಲಸ ಬಿಡಿಸುವ ಮಾತು ಆಮೇಲೆ. ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕಮ್ಮಿಯಾಗುವುದು ಮಾಮೂಲು, ಅದರಲ್ಲೂ ಹೀಗೇ ಮಂಕು ಕವಿಯುತ್ತದೆ. ಕರೆದರೆ ತಿರುಗುವುದಿಲ್ಲ ಅಂದಿರಿ, ಕಿವಿ ಕೇಳುತ್ತಿದೆಯಾ ನೋಡಿಸಿ. ಮೇಣ ಕಟ್ಟಿದ್ದರೂ ಹಾಗಾಗುತ್ತದೆ. ಕಣ್ಣಿನ ಪೊರೆ ಇವರಿಗೆ ಬೇಗ ಬರುತ್ತದೆ, ಟಪಾಲಿನ ಮೇಲಿನ ಅಕ್ಷರ ಕಾಣದಿದ್ದರೆ ಕೈ ನಿಧಾನವಾಗದೆ ಇನ್ನೇನು? ತೂಕಡಿಕೆಗೆ, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಕಾರಣ ಇರಬಹುದು. ಗೊರಕೆ ಹೊಡೆಯುತ್ತಾರಾ, ಗೊರಕೆ ನಡುವೆ ನಿಂತು ನಿಂತು ಬರುತ್ತದಾ, ಒಂದು ರಾತ್ರಿ ಎಚ್ಚರವಿದ್ದು ಕೇಳಿಸಿಕೊಂಡು ಡಾಕ್ಟರಿಗೆ ಹೇಳಿ.

ಇದ್ಯಾವುದೂ ಅಲ್ಲದಿದ್ದರೆ ಮರೆವಿನ ಕಾಯಿಲೆಯ ಪರೀಕ್ಷೆಯೂ ಬೇಕು. ಡೌನ್ ಸಿಂಡ್ರೋಮಿನಲ್ಲಿ 21ನೇ ಕ್ರೋಮೋಸೋಮ್ ಮೂರು ಇರುತ್ತವೆ. ಅಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಪ್ರೋಟೀನಿನ ಮೂಲ ಜೀನ್ ಆ ಕ್ರೋಮೋಸೋಮಿನಲ್ಲೇ ಇದೆ. ಅದಕ್ಕೇ ನಲವತ್ತು ದಾಟಿದ ಮೇಲೆ ಆ ಕಾಯಿಲೆ ಇವರಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ. ಅದೇ ಆಗಿದ್ದರೂ ಮರುದಿನವೇ ಕೆಲಸ ಬಿಡಬೇಕಾಗಿಲ್ಲ. ಹೊತ್ತು ಕಮ್ಮಿ ಮಾಡಬಹುದು, ಗೂಡುಗಳಿಗೆ ಬಣ್ಣದ ಗುರುತು ಹಾಕಬಹುದು. ಹನ್ನೆರಡು ವರ್ಷ ಓಡಾಡಿದ ದಾರಿ, ಪರಿಚಿತ ಮುಖ. ಅವನ್ನು ಕಿತ್ತುಕೊಂಡರೆ ಇನ್ನೂ ಬೇಗ ಕುಸಿಯುತ್ತಾರೆ.

ಒಂದು ಮಾತು ಕೇಳಲೇಬೇಕು. ಅಮ್ಮ ಹೋದರು ಅಂತ ಅಕ್ಕನಿಗೆ ಯಾರು ಹೇಳಿದರು? ಹೇಗೆ ಹೇಳಿದರು? "ಊರಿಗೆ ಹೋಗಿದ್ದಾರೆ" ಅಂದಿದ್ದರೆ ಆಕೆ ಇನ್ನೂ ಕಾಯುತ್ತಿರಬಹುದು. ದುಃಖವೂ ಕೈ ನಿಧಾನ ಮಾಡುತ್ತದೆ. ಕೂರಿಸಿಕೊಂಡು, ಸತ್ತಿದ್ದಾರೆ ಅಂತ ನೇರ ಮಾತಿನಲ್ಲಿ ಹೇಳಿ. ಅಮ್ಮನ ಫೋಟೊ ನೋಡುತ್ತಾ ಅಳಲು ಬಿಡಿ.

ಓದುಗರ ಪ್ರಶ್ನೆ: ಮಗ ಕೆಲಸಕ್ಕೆ ಸೇರಿದ್ದಾನೆ. ದುಡ್ಡಿನ ಲೆಕ್ಕ ಬರುವುದಿಲ್ಲ. ಸಂಬಳ ಅವನ ಕೈಗೆ ಕೊಡಬೇಕಾ?

ಉತ್ತರ: ದುಡಿದವರು ಅವರು, ಇನ್ಯಾರ ಕೈಗೆ? ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 12ನೇ ವಿಧಿಯಲ್ಲೇ ಇದೆ: ತಮ್ಮ ದುಡ್ಡಿನ ವ್ಯವಹಾರ ನೋಡಿಕೊಳ್ಳುವುದರಲ್ಲಿ ಅವರಿಗೂ ಎಲ್ಲರಷ್ಟೇ ಹಕ್ಕು. ಬೇಕಾದ ನೆರವು ಕೊಡಬೇಕು ಅಂತಲೂ ಇದೆ. ಮೂರು ಲಕೋಟೆ ಮಾಡಿ. ಒಂದರ ಮೇಲೆ ಮನೆಯ ಚಿತ್ರ, ಒಂದರ ಮೇಲೆ ಬ್ಯಾಂಕಿನ ಚಿತ್ರ, ಇನ್ನೊಂದರ ಮೇಲೆ ಅವರದೇ ಫೋಟೊ. ಫೋಟೊ ಇರುವ ಲಕೋಟೆಯ ಲೆಕ್ಕ ನೀವು ಕೇಳಬಾರದು.

ನಮ್ಮ ಟವೆಲ್ ಮಡಿಸುವವರು ಮೊದಲ ಸಂಬಳದಲ್ಲಿ ಮೂರು ಟಾರ್ಚ್ ತಂದಿದ್ದರು. ಮೂರು ಯಾಕೆ ಅಂತ ಕೇಳಿದೆ.

"ಒಂದು ಕೆಟ್ಟರೆ?" ಅಂದರು.

ಸರಿ, ಮೂರನೆಯದು?

"ನಿಮ್ಮನೇಲಿ ಇದೆಯಾ?"