ಹಳೆ ಜಿಪ್ಸಿಗೆ 4 ಇಂಚು ಲಿಫ್ಟ್ ಹಾಕಿಸಬಹುದಾ?

ನಿಮ್ಮದು 1999ರ ಜಿಪ್ಸಿ ಕಿಂಗ್, ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ಅಡಿ ಬಡಿಯುತ್ತದೆ, ಗ್ಯಾರೇಜಿನವರು 4 ಇಂಚು ಲಿಫ್ಟ್ (ಆಕ್ಸಲ್‌ನಿಂದ ಬಾಡಿಯನ್ನು ಮೇಲೆತ್ತುವುದು) ಮಾಡಿಕೊಡುತ್ತೇವೆ ಅಂತಿದ್ದಾರೆ, ಹಾಕಿಸಬಹುದಾ ಅಂತ ಕೇಳಿದ್ದೀರಿ. ನಾನೂ ಮಲೆನಾಡಿನಲ್ಲಿ ಹಳೇ ಜಿಪ್ಸಿ ಇಟ್ಟುಕೊಂಡಿರುವವನು. ನನ್ನ ಮಾತು ಕೇಳುವುದಾದರೆ 4 ಇಂಚು ಬೇಡ. ಮೊದಲು ಗಾಡಿಯನ್ನು ಕಂಪನಿಯಿಂದ ಬಂದ ಎತ್ತರಕ್ಕೆ ತನ್ನಿ. ಆಮೇಲೂ ಸಾಲದು ಅನಿಸಿದರೆ 2 ಇಂಚಿಗೆ ನಿಲ್ಲಿಸಿ.

ಗಾಡಿ ಕೆಳಗೆ ಮಲಗಿ, ಟಾರ್ಚ್ ಹಿಡಿದು ನೋಡಿ. ಕಲ್ಲು ಉಜ್ಜಿದ ಗುರುತು ಎಲ್ಲಿದೆ? ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್‌ನಲ್ಲಿ ಗುಂಡಗೆ ಉಬ್ಬಿದ ಗೇರ್ ಡಬ್ಬಿ) ಮೇಲಿದ್ದರೆ ಯಾವ ಲಿಫ್ಟ್ ಹಾಕಿಸಿದರೂ ಅದು ನಿಲ್ಲಲ್ಲ. ಲಿಫ್ಟ್‌ನಿಂದ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸಲ್ ಇರುವಲ್ಲೇ ಇರುತ್ತದೆ. ಅದನ್ನು ಎತ್ತುವುದು ಟಯರ್ ಒಂದೇ. ಜಿಪ್ಸಿ ಕಿಂಗ್‌ನ 205/70 ಆರ್15 ತೆಗೆದು 215/75 ಆರ್15 ಹಾಕಿದರೆ ಟಯರ್ ಸುಮಾರು 35 ಮಿಲಿಮೀಟರ್ ಎತ್ತರ ಆಗುತ್ತದೆ, ಅದರಲ್ಲಿ ಅರ್ಧ, ಅಂದರೆ 18 ಮಿಲಿಮೀಟರ್‌ನಷ್ಟು ಡಿಫರೆನ್ಷಿಯಲ್ ಕೆಳಗೆ ಸಿಗುತ್ತದೆ. ಸ್ಪೀಡೋಮೀಟರ್ ಶೇಕಡಾ 5ರಷ್ಟು ಕಡಿಮೆ ತೋರಿಸುತ್ತದೆ, ಅಷ್ಟೇ. ಗುರುತು ಚಾಸಿ ಮೇಲೆ, ಸೈಲೆನ್ಸರ್ ಮೇಲೆ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿ) ಕೆಳಗೆ ಇದ್ದರೆ ಆಗ ಲಿಫ್ಟ್ ವಿಚಾರ ಮಾತಾಡೋಣ.

ಇಷ್ಟು ಹಳೇ ಗಾಡಿಯಲ್ಲಿ ಬಹಳ ಸಲ ನಿಜವಾದ ತೊಂದರೆ ಪ್ಲೇಟ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬಾಗು ಕಳೆದುಕೊಂಡು ಕೂತಿರುವುದು. ಸೆಟ್ ಬಿಚ್ಚಿಸಿ, ಒಂದೊಂದೇ ಪ್ಲೇಟ್ ತಿರುಗಿಸಿ ಅಡಿಭಾಗ ನೋಡಿ. ಕೆಳಗಿನ ಪ್ಲೇಟಿನ ತುದಿ ವರ್ಷಗಟ್ಟಲೆ ತಿಕ್ಕಿ ಅಲ್ಲೊಂದು ಗೀರು ಕೊರೆದಿರುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಪ್ಲೇಟ್ ಕಟ್ ಆಗುವುದು ಅಲ್ಲೇ. ಅಂಥದ್ದನ್ನು ಬಡಿದು ಬಾಗಿಸಿ ಮತ್ತೆ ಹಾಕಿಸಬೇಡಿ. ತಣ್ಣಗೇ ಬಡಿದ ಪ್ಲೇಟ್ ಬೇಗ ಮತ್ತೆ ಕೂತುಬಿಡುತ್ತದೆ. ಹೊಸ ಸೆಟ್, ಅದರ ತುದಿಗೆ ಹೊಸ ರಬ್ಬರ್ ಬುಷ್ ಹಾಕಿಸಿದರೆ ಎಷ್ಟೋ ಗಾಡಿಗಳಿಗೆ ಲಿಫ್ಟೇ ಬೇಕಾಗಲ್ಲ.

ಇನ್ನು ಆ 4 ಇಂಚು ಹೇಗೆ ಬರುತ್ತದೆ ಅಂತ ಗ್ಯಾರೇಜಿನವರನ್ನು ಕೇಳಿ. ಜಿಪ್ಸಿಯಲ್ಲಿ ಪ್ಲೇಟ್ ಸೆಟ್ ಆಕ್ಸಲ್ ಕೆಳಗಿರುತ್ತದೆ. ಅದನ್ನು ಆಕ್ಸಲ್ ಮೇಲಕ್ಕೆ ತಂದರೆ ಒಂದೇ ಏಟಿಗೆ ಸುಮಾರು 5 ಇಂಚು ಏಳುತ್ತದೆ. ಪ್ಲೇಟನ್ನು ಆಕ್ಸಲ್‌ಗೆ ಕಟ್ಟಿ ಹಿಡಿಯುವ ಯು ಬೋಲ್ಟ್‌ಗಳೂ ಕಲ್ಲಿನ ಹಾದಿಯಿಂದ ಮೇಲೆ ಹೋಗುತ್ತವೆ, ಅದು ಒಳ್ಳೆಯದೇ. ಆದರೆ ಆಕ್ಸಲ್‌ಗೆ ಪ್ಲೇಟ್ ಕೂರಲು ಹೊಸ ಸೀಟ್ ವೆಲ್ಡ್ ಮಾಡಬೇಕು, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಉದ್ದ ಮಾಡಿಸಬೇಕು, ಸ್ಟೀರಿಂಗ್ ಲಿಂಕ್ ಬದಲಿಸಬೇಕು. ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಆಕ್ಸಲ್ ತಿರುಚಿಕೊಳ್ಳುವುದು ಬೇರೆ. ಗಾಡಿ ಮೊದಲೇ ಅಗಲ ಕಡಿಮೆ, ಎತ್ತರ ಜಾಸ್ತಿ. ಶಿರಾಡಿ ಘಾಟಿಯ ತಿರುವಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಗಾಡಿಗೆ ಇದನ್ನು ಮಾಡಿಸಿ ಅಂತ ನಾನು ಯಾರಿಗೂ ಹೇಳಲಾರೆ.

ಉದ್ದದ ಶ್ಯಾಕಲ್ (ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ಆಡುವ ಕೊಂಡಿ) ಅಗ್ಗ ಅಂತ ಎಲ್ಲರೂ ಅದನ್ನೇ ಹಾಕಿಸುತ್ತಾರೆ. ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏಳುವುದು 1 ಇಂಚು. ಜಿಪ್ಸಿಯ ಮುಂದಿನ ಪ್ಲೇಟ್‌ಗೆ ಶ್ಯಾಕಲ್ ಇರುವುದು ಬಂಪರ್ ಕಡೆ. ಅದನ್ನು ಉದ್ದ ಮಾಡಿದಷ್ಟೂ ಆಕ್ಸಲ್ ಮುಂದಕ್ಕೆ ಮಗುಚಿ ಕ್ಯಾಸ್ಟರ್ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಆಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ, ಹೈವೇಯಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ. ಎಕ್ಸ್‌ಟ್ರಾ ಪ್ಲೇಟ್ ಸೇರಿಸುವುದು ಇನ್ನೊಂದು ದಾರಿ. ಖಾಲಿ ಇದ್ದಾಗ ಸುಮಾರು 1 ಟನ್ ತೂಗುವ ಗಾಡಿ ಈಗಲೇ ಕುಣಿಯುತ್ತದೆ, ಅಲ್ವಾ? ಇನ್ನೂ ಗಟ್ಟಿ ಮಾಡಿ ಏನು ಸುಖ?

ಹಾಗಾಗಿ ಮಾಡಿಸುವುದಾದರೆ 2 ಇಂಚಿಗೆ ಅಂತಲೇ ಮಾಡಿದ ಪ್ಲೇಟ್ ಸೆಟ್, ಅದಕ್ಕೆ ಸರಿಹೊಂದುವ ಉದ್ದದ ಶಾಕ್ ಅಬ್ಸಾರ್ಬರ್. ಹಳೇ ಶಾಕ್ ಅಬ್ಸಾರ್ಬರ್ ಬಿಟ್ಟರೆ ಗುಂಡಿ ಇಳಿದಾಗಲೆಲ್ಲ ಪೂರ್ತಿ ಎಳೆದುಕೊಂಡು ಕೆಟ್ಟುಹೋಗುತ್ತದೆ. ಯು ಬೋಲ್ಟ್ ಹೊಸದೇ ಇರಲಿ.

ಬ್ರೇಕ್ ಹೋಸ್ ಮಾತ್ರ ನೀವೇ ನಿಂತು ನೋಡಿ, ಮೆಕ್ಯಾನಿಕ್ ಮಾತಿಗೆ ಬಿಡಬೇಡಿ. ಚಾಸಿಗೆ ಜಾಕಿ ಕೊಟ್ಟು, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಪೂರ್ತಿ ನೇತಾಡಲಿ. ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಹೋಸ್ ಎಲ್ಲಾದರೂ ಬಿಗಿಯಾಗಿ ಎಳೆದುಕೊಂಡರೆ ಉದ್ದದ್ದು ಹಾಕಿಸಲೇಬೇಕು. ಅದೇ ಹೊತ್ತಿಗೆ ಪ್ರೊಪೆಲ್ಲರ್ ಶಾಫ್ಟಿನ ಸ್ಪ್ಲೈನ್ (ಒಂದರೊಳಗೊಂದು ಜಾರುವ ಹಲ್ಲಿನ ಭಾಗ) ಎಷ್ಟು ಹೊರಗೆ ಬಂದಿದೆ ಅಂತಲೂ ನೋಡಿ.

ಕಾನೂನಿನ ವಿಷಯ ಗಮನದಲ್ಲಿರಲಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. 15 ವರ್ಷ ದಾಟಿದ ನಿಮ್ಮ ಗಾಡಿ 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಬೇಕು. ದುಡ್ಡು ಕೊಡುವ ಮುಂಚೆ ಅಲ್ಲೂ, ಇನ್ಶೂರೆನ್ಸ್‌ನವರ ಹತ್ತಿರವೂ ವಿಚಾರಿಸಿ. ಮೂಲ ಎತ್ತರಕ್ಕೆ ತರುವುದಕ್ಕೆ ಈ ತಲೆನೋವು ಯಾವುದೂ ಇಲ್ಲ.

ಕೊನೆಗೆ ಬೋಲ್ಟ್ ಬಿಗಿಯುವ ವಿಷಯ. ಶ್ಯಾಕಲ್ ಬೋಲ್ಟ್‌ಗಳನ್ನು ಚಕ್ರ ನೆಲಕ್ಕೆ ಇಳಿಸಿ, ಗಾಡಿ ತೂಕ ಬಿದ್ದ ಮೇಲೆ ಬಿಗಿಸಿ. ನೇತಾಡುವಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಇನ್ನೊಂದು ಸಲ ಬಿಗಿಸಿ. ಹೊಸ ಪ್ಲೇಟ್ ಸ್ವಲ್ಪ ಕೂತೇ ಕೂರುತ್ತದೆ.