ಮುಟ್ಟು ನಿಂತ ಮೇಲೆ ಹೃದಯಾಘಾತದ ಅಪಾಯ ಹೆಚ್ಚುವುದಕ್ಕೂ ಪ್ಲೇಟ್‌ಲೆಟ್‌ಗಳಿಗೂ ಏನು ಸಂಬಂಧ? ಆಸ್ಪಿರಿನ್ ಶುರು ಮಾಡಬೇಕೇ?

ಸಂಬಂಧ ಇದೆ. ಆದರೆ ಅದು ಪ್ಲೇಟ್‌ಲೆಟ್‌ಗಳ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳ) ಸಂಖ್ಯೆಯದ್ದಲ್ಲ, ಅವು ಎಷ್ಟು ಬೇಗ ಕೆರಳುತ್ತವೆ ಎಂಬುದರದ್ದು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೋಸ್ಟಾಸೈಕ್ಲಿನ್ ಸ್ರವಿಸಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಇವೆರಡಕ್ಕೂ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಒತ್ತಾಸೆ ಇದೆ. ಮುಟ್ಟು ನಿಲ್ಲುವ ಹೊತ್ತಿಗೆ ಅದು ಕುಸಿಯುತ್ತದೆ; ಜೊತೆಗೆ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್, ಹೊಟ್ಟೆಯೊಳಗಿನ ಕೊಬ್ಬು, ಹಲವರಲ್ಲಿ ರಕ್ತದೊತ್ತಡವೂ ಏರುತ್ತವೆ. ಕೊಬ್ಬು ಕಟ್ಟಿದ ನಾಳದ ಒಳಪದರ ಬಿರಿದರೆ, ಪ್ಲೇಟ್‌ಲೆಟ್‌ಗಳು ಅಲ್ಲಿ ಗುಂಪುಗೂಡಿ ಹೆಪ್ಪುಗಟ್ಟುತ್ತವೆ.

ಹಾಗಾಗಿ ಪ್ಲೇಟ್‌ಲೆಟ್ ಎಣಿಕೆ 1.5ರಿಂದ 4.5 ಲಕ್ಷದೊಳಗೆ, ಅಂದರೆ ಸಹಜವಾಗಿ, ಇರುವುದನ್ನು ನೋಡಿ ನಿರಾಳರಾಗಬೇಡಿ. ಆ ಪರೀಕ್ಷೆ ಕೆರಳುವಿಕೆಯನ್ನು ಅಳೆಯುವುದೇ ಇಲ್ಲ. ನೋಡಬೇಕಾದ್ದು ರಕ್ತದೊತ್ತಡ, ಲಿಪಿಡ್ (ರಕ್ತದಲ್ಲಿನ ಕೊಬ್ಬು), ಸಕ್ಕರೆ. 45ಕ್ಕೆ ಮೊದಲೇ ಮುಟ್ಟು ನಿಂತಿದ್ದರೆ ಅಥವಾ ಬಸಿರಿನಲ್ಲಿ ಪ್ರೀಎಕ್ಲಾಂಪ್ಸಿಯಾ (ರಕ್ತದೊತ್ತಡ ಏರುವ ತೊಡಕು) ಆಗಿದ್ದರೆ, ವೈದ್ಯರು ಕೇಳದಿದ್ದರೂ ತಪ್ಪದೆ ಹೇಳಿ.

ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ ನಿಜ, ಆದರೂ ಅದನ್ನು ನೀವಾಗಿಯೇ ಶುರು ಮಾಡಬೇಡಿ. ಹೃದಯಾಘಾತ, ಪಾರ್ಶ್ವವಾಯು ಆಗಿಲ್ಲದವರಲ್ಲಿ ಜಠರದ, ಮಿದುಳಿನ ರಕ್ತಸ್ರಾವದ ಅಪಾಯ ಅದರ ಲಾಭವನ್ನೇ ನುಂಗಿಹಾಕಬಹುದು. ವೈದ್ಯರು ಬರೆದುಕೊಟ್ಟಿದ್ದರೆ, ಅದರಲ್ಲೂ ಸ್ಟೆಂಟ್ ಹಾಕಿದ್ದರೆ, ನೀವಾಗಿಯೇ ನಿಲ್ಲಿಸಲೂಬೇಡಿ.

ಮುಟ್ಟು ನಿಂತಾಗ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದಕ್ಕೆ ಔಷಧಿಯಾಗಿ ಈಸ್ಟ್ರೋಜನ್ ಬೇಕಾದರೆ: ನುಂಗುವ ಮಾತ್ರೆ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ, ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಆ ತೊಂದರೆ ಕಡಿಮೆ.